ಜಾತ್ರೆಯ ಆಟ, ಬೇಸಾಯದ ಆಟ

ಆಟದ ಲೋಕದ ಎಷ್ಟೋ ಹೊಸ ಸಂಗತಿಗಳಿಗೆ ಕನ್ನಡದಲ್ಲಿ ಮಾತು ಸಿಕ್ಕಿದೆ. ಅಂಕಣ, ಪಂದ್ಯ, ಪಂದ್ಯಾವಳಿ, ತೀರ್ಪುಗಾರ ಮೊದಲಾದ ಪದಗಳು ಇಂದು ಹಳ್ಳಿಯ ಹುಡುಗರ ಬಾಯಲ್ಲಿಯೂ ಸಲೀಸಾಗಿ ಬರುತ್ತವೆ. ಆದರೆ ಎರಡು ಮಾತುಗಳು ಮಾತ್ರ ಬಂದ ನೆಂಟರಂತೆ ಹೊರಗಿನ ಜಗಲಿಯ ಮೇಲೆಯೇ ಕುಳಿತಿವೆ. ಒಂದು ಕ್ಲಬ್ಬು, ಇನ್ನೊಂದು ಲೀಗು. ಸಣ್ಣ ಊರುಗಳಲ್ಲಿ ಒಬ್ಬ ಗೃಹಸ್ಥ ಕ್ಲಬ್ಬಿಗೆ ಹೋಗುತ್ತಾನೆ ಎಂದರೆ ಇಂದಿಗೂ ಜನರ ಕಣ್ಣಿಗೆ ಕಾಣುವುದು ಇಸ್ಪೀಟಿನ ಮೇಜು. ಲೀಗು ಎಂದರೆ ನೆನಪಾಗುವುದು ದೂರದರ್ಶನದ ಪರದೆ, ಹೊಳೆಯುವ ದೀಪ, ಹರಾಜಿನಲ್ಲಿ ಕೊಂಡ ಆಟಗಾರರು. ಈ ಎರಡು ಮಾತುಗಳು ನಮ್ಮವಾಗದಿರುವುದಕ್ಕೆ ಭಾಷೆಯ ಬಡತನ ಕಾರಣವಲ್ಲ. ಅವು ಸೂಚಿಸುವ ವಸ್ತು ನಮ್ಮ ಊರುಗಳಲ್ಲಿ ಇನ್ನೂ ಬೇರು ಬಿಟ್ಟಿಲ್ಲ ಎಂಬುದೇ ಕಾರಣವೆಂದು ತೋರುತ್ತದೆ.

ಈ ಮಾತನ್ನು ಬ್ಯಾಸ್ಕೆಟ್‌ಬಾಲ್ ಆಟದ ಆಧಾರದಿಂದ, ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಸ್ವಲ್ಪ ವಿಚಾರ ಮಾಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಇವು ಆಟವಿಲ್ಲದ ಸೀಮೆಗಳಲ್ಲ. ಸಂಜೆಯಾದರೆ ಬಯಲಿನಲ್ಲಿ ವಾಲಿಬಾಲ್ ಬಲೆ ಏಳುತ್ತದೆ. ಹಬ್ಬ ಬಂದರೆ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಕಬಡ್ಡಿ ನಡೆಯುತ್ತದೆ. ಜಾತ್ರೆ ಬಂದರೆ ಕುಸ್ತಿಯ ಅಖಾಡ ಸಿದ್ಧವಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಮಾತ್ರ ಶಾಲೆ ಕಾಲೇಜುಗಳ ಕಾಂಪೌಂಡಿನ ಗೋಡೆಯನ್ನು ದಾಟಿ ಊರಿನೊಳಕ್ಕೆ ಬರಲು ಹಿಂದೆಗೆಯಿತು. ಯಾಕೆ ಹಾಗಾಯಿತು ಎಂದು ಕೇಳಿದರೆ, ಆ ಪ್ರಶ್ನೆ ಒಂದು ಆಟದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಹದಿನಾರು ತಂಡಗಳನ್ನು ಕರೆದು, ಸೋತವರು ಹೊರಕ್ಕೆ ಎಂಬ ಕ್ರಮದಲ್ಲಿ ಪಂದ್ಯಾವಳಿ ನಡೆಸಿದರೆ ಒಟ್ಟು 15 ಪಂದ್ಯಗಳಾಗುತ್ತವೆ. ಮೊದಲ ಸುತ್ತಿನಲ್ಲಿಯೇ ಎಂಟು ತಂಡಗಳು ಬಂದ ಬಸ್ಸಿನಲ್ಲಿ ಹಿಂತಿರುಗುತ್ತವೆ. ವರ್ಷವೆಲ್ಲ ಅಭ್ಯಾಸ ಮಾಡಿದ ಹುಡುಗನಿಗೆ ದಕ್ಕಿದ್ದು ಒಂದೇ ಪಂದ್ಯ. ಈಗ ಆರೇ ತಂಡಗಳ ಒಂದು ಲೀಗನ್ನು ಊಹಿಸಿಕೊಳ್ಳಿ. ಪ್ರತಿಯೊಂದು ತಂಡವೂ ಉಳಿದ ಐದರೊಡನೆ ತನ್ನ ಊರಿನಲ್ಲಿ ಒಮ್ಮೆ, ಅವರ ಊರಿನಲ್ಲಿ ಒಮ್ಮೆ ಆಡುತ್ತದೆ. ಒಟ್ಟು 30 ಪಂದ್ಯ. ಪ್ರತಿ ತಂಡಕ್ಕೂ ಹತ್ತು. ಅದರಲ್ಲಿ ಐದು ತನ್ನ ಊರಿನ ಜನರ ಎದುರಿಗೆ. ಸೋತವನೂ ಮುಂದಿನ ಭಾನುವಾರ ಆಡಲೇಬೇಕು. ಸೋಲಿನ ಮೇಲೆ ಒಂದು ವಾರ ಯೋಚನೆ ಮಾಡಿ, ತಪ್ಪನ್ನು ತಿದ್ದಿಕೊಂಡು, ಮತ್ತೆ ಅದೇ ಎದುರಾಳಿಯನ್ನು ಕಾಣುವ ಅವಕಾಶ ಅವನಿಗೆ ಉಂಟು.

ಪಂದ್ಯಾವಳಿಯೆಂಬುದು ಜಾತ್ರೆಯಂತೆ. ತೇರು ಎಳೆಯುವ ದಿನ ಊರೆಲ್ಲ ಸೇರುತ್ತದೆ. ಮರುದಿನ ಬಯಲು ಬರಿದಾಗುತ್ತದೆ. ಲೀಗು ಬೇಸಾಯದಂತೆ. ಉಳುವುದು, ಬಿತ್ತುವುದು, ಕಳೆ ಕೀಳುವುದು, ಕಾಯುವುದು, ಇದರಲ್ಲಿ ಯಾವುದೂ ಒಂದು ದಿನದ ಕೆಲಸವಲ್ಲ. ಜಾತ್ರೆಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಜಾತ್ರೆಯಿಲ್ಲದ ಊರಿಗೆ ಕಳೆ ಇರುವುದಿಲ್ಲ. ಆದರೆ ಬೇಸಾಯವಿಲ್ಲದ ಊರಿನಲ್ಲಿ ಜಾತ್ರೆಗೆ ಅಕ್ಕಿ ಎಲ್ಲಿಂದ ಬಂದೀತು?

ಇಂಥ ಬೇಸಾಯದ ಬುದ್ಧಿ ನಮಗೆ ಹೊಸದೇನೂ ಅಲ್ಲ. ಮೈಸೂರಿನ ಗರಡಿಮನೆಗಳನ್ನು ನೋಡಿದರೆ ಸಾಕು. ಮಟ್ಟಿಯ ನೆಲ, ಆಂಜನೇಯನ ಪಟ, ಒಬ್ಬ ಉಸ್ತಾದ, ಮುಂಜಾನೆಯ ಸಾಮು. ದಸರೆಯ ಕುಸ್ತಿ ವರ್ಷಕ್ಕೊಮ್ಮೆ ಬಂದರೂ ಗರಡಿಯ ಬಾಗಿಲು ವರ್ಷವೆಲ್ಲ ತೆರೆದಿರುತ್ತದೆ. ಹಗಲು ತನ್ನ ಕಸುಬು ಮಾಡಿ ಬದುಕುವ ಮನುಷ್ಯ ಬೆಳಗಿನ ಜಾವ ಪೈಲ್ವಾನನಾಗುತ್ತಾನೆ. ಅವನು ಪೂರ್ತಿ ವೃತ್ತಿಯವನೂ ಅಲ್ಲ, ಬರಿಯ ಹವ್ಯಾಸಿಯೂ ಅಲ್ಲ. ನಮ್ಮ ರಂಗಭೂಮಿಯ ಮಾತು ಆಡುವಾಗ ವೃತ್ತಿ ಕಂಪೆನಿ ಮತ್ತು ಹವ್ಯಾಸಿ ತಂಡ ಎಂಬ ಎರಡೇ ಮನೆಗಳನ್ನು ಹೇಳಿ ನಮಗೆ ಅಭ್ಯಾಸವಾಗಿದೆ. ಇವೆರಡರ ನಡುವೆ ಮೂರನೆಯದೊಂದು ಮನೆಯುಂಟು. ಕೂಲಿ ಬೇರೆಡೆ, ಒಲವು ಇಲ್ಲಿ. ಆದರೆ ಒಲವಿಗೂ ಒಂದು ಶಿಸ್ತು, ಒಂದು ವೇಳಾಪಟ್ಟಿ, ಅಷ್ಟಿಷ್ಟು ಸಂಭಾವನೆ. ಇದನ್ನೇ ಅರೆವೃತ್ತಿ ಎನ್ನಬಹುದು. ಪ್ರಾದೇಶಿಕ ಕ್ಲಬ್ಬಿನ ಆಟಗಾರ ಈ ಮೂರನೆಯ ಮನೆಯವನು.

ಬ್ಯಾಸ್ಕೆಟ್‌ಬಾಲಿನ ಚರಿತ್ರೆಯಲ್ಲಿ ಈ ಮೂರನೆಯ ಮನೆಯವರ ಪಾತ್ರ ದೊಡ್ಡದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕ ಚಳಿಗಾಲದಲ್ಲಿ ಒಳಗೆ ಆಡಬಹುದಾದ ಆಟವೊಂದನ್ನು ಹುಡುಕಬೇಕಾಗಿತ್ತು. ಕಟ್ಟಡದ ಜವಾನನನ್ನು ಎರಡು ಪೆಟ್ಟಿಗೆ ಕೇಳಿದ, ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿಗಳು ಸಿಕ್ಕವು. ಅವನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿ, 13 ನಿಯಮಗಳನ್ನು ಬರೆದು, ಹದಿನೆಂಟು ಹುಡುಗರನ್ನು ಎರಡು ಪಾಲು ಮಾಡಿ ಆಡಿಸಿದ. ಬುಟ್ಟಿಗೆ ತಳವಿದ್ದುದರಿಂದ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತು. ಒಂದು ದೊಡ್ಡ ಆಟ ಹುಟ್ಟುವುದಕ್ಕೆ ಒಬ್ಬ ಮೇಷ್ಟರು, ಒಬ್ಬ ಜವಾನ, ಎರಡು ಬುಟ್ಟಿ ಸಾಕಾಯಿತು ಎಂಬುದು ಸಣ್ಣ ಊರಿನವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ.

ಆಮೇಲೆ ಈ ಆಟವನ್ನು ಸಾಕಿದವು ಕಾರ್ಖಾನೆಗಳು. 1937ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗಿನ ಹಿಂದೆ ಇದ್ದವರು ಗುಡ್‌ಇಯರ್, ಫೈರ್‌ಸ್ಟೋನ್, ಜನರಲ್ ಎಲೆಕ್ಟ್ರಿಕ್ ಕಂಪೆನಿಗಳವರು. ಫೋರ್ಟ್ ವೇನ್ ಎಂಬ ನಡುವಣ ಗಾತ್ರದ ಊರಿನಲ್ಲಿ ಫ್ರೆಡ್ ಝಾಲ್ನರ್ ಎಂಬಾತ ಎಂಜಿನ್ನಿನ ಪಿಸ್ಟನ್ ಮಾಡುವ ಕಾರ್ಖಾನೆ ನಡೆಸುತ್ತಿದ್ದ. ಅವನ ತಂಡಕ್ಕೆ ಪಿಸ್ಟನ್ಸ್ ಎಂದೇ ಹೆಸರಾಯಿತು. 1950ರ ನವೆಂಬರ್ 22ರಂದು ಈ ತಂಡ ಬಲಾಢ್ಯವಾದ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19–18ರಿಂದ ಸೋಲಿಸಿತು. ಚೆಂಡನ್ನು ಕೈಯಲ್ಲಿ ಹಿಡಿದು ಹೊತ್ತು ಕಳೆದದ್ದೇ ಗೆಲುವಿನ ಗುಟ್ಟು. ನೋಡಲು ಬಂದವರಿಗೆ ಆಕಳಿಕೆ. ಇದಕ್ಕೆ ಮದ್ದು ಹುಡುಕಿದ್ದೂ ಇನ್ನೊಂದು ಸಣ್ಣ ಊರೇ. ಸಿರಾಕ್ಯೂಸಿನಲ್ಲಿ ಬೌಲಿಂಗ್ ಆಟದ ಅಂಗಡಿ ಇಟ್ಟಿದ್ದ ಡ್ಯಾನಿ ಬಯಸೋನ್ ಅಲ್ಲಿಯ ತಂಡದ ಒಡೆಯ. ನೋಡಲು ಸೊಗಸಾದ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಗುರಿಯಿಡುತ್ತವೆ, ಪಂದ್ಯದ 48 ನಿಮಿಷವೆಂದರೆ 2,880 ಸೆಕೆಂಡು, ಭಾಗಿಸಿದರೆ 24. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಗುರಿಯಿಡಬೇಕು ಎಂಬ ನಿಯಮ 1954ರಲ್ಲಿ ಜಾರಿಗೆ ಬಂತು. ಮರುವರ್ಷದ ಅಂತಿಮ ಹಣಾಹಣಿಯಲ್ಲಿ ಎದುರುಬದುರಾದವರು ಇದೇ ಸಿರಾಕ್ಯೂಸ್ ಮತ್ತು ಫೋರ್ಟ್ ವೇನ್, ಗೆದ್ದದ್ದು ಸಿರಾಕ್ಯೂಸ್. ಇಂದು ಜಗತ್ತಿನ ಎಲ್ಲ ಮುಖ್ಯ ಪಂದ್ಯಗಳಲ್ಲಿ ಬುಟ್ಟಿಯ ಮೇಲೆ ಉರಿಯುವ ಆ ಗಡಿಯಾರ ಒಂದು ಸಣ್ಣ ಊರಿನ ಕ್ಲಬ್ಬಿನ ಕೊಡುಗೆ.

ಕಥೆಗೆ ಇನ್ನೊಂದು ಮುಖವೂ ಉಂಟು. ಲೀಗು ಕೊಬ್ಬಿದಂತೆ ಸಣ್ಣ ಊರುಗಳು ಅದಕ್ಕೆ ಸಾಲದಾದವು. ಫೋರ್ಟ್ ವೇನ್ ತಂಡ 1957ರಲ್ಲಿ ಡೆಟ್ರಾಯಿಟಿಗೆ ಹೋಯಿತು. ಸಿರಾಕ್ಯೂಸ್ ತಂಡ 1963ರಲ್ಲಿ ಫಿಲಡೆಲ್ಫಿಯಕ್ಕೆ ಹೋಯಿತು. ತಂಡ ಒಬ್ಬ ಒಡೆಯನದಾದರೆ, ಒಡೆಯನ ಲಾಭ ಎಲ್ಲಿಯೋ ತಂಡವೂ ಅಲ್ಲಿಗೆ. ಸಾಕಿದ ಊರಿಗೆ ಉಳಿಯುವುದು ನೆನಪು.

ನಮ್ಮ ದೇಶಕ್ಕೆ ಈ ಆಟ ಬಂದದ್ದು ವೈ.ಎಂ.ಸಿ.ಎ.ಯ ಮೂಲಕವೇ. 1920ರಲ್ಲಿ ಮದರಾಸಿನಲ್ಲಿ ಎಚ್.ಸಿ. ಬಕ್ ಅವರು ತೆರೆದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಶಿಕ್ಷಕರು, ಅಂದರೆ ನಮ್ಮ ಡ್ರಿಲ್ ಮೇಷ್ಟರುಗಳು, ದಕ್ಷಿಣದ ಶಾಲೆಗಳಿಗೆ ಇದನ್ನು ಒಯ್ದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1950ರಲ್ಲಿ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಕರ್ನಾಟಕದಲ್ಲಿ ಈ ಆಟಕ್ಕೆ ನೆಲೆ ದೊರೆತದ್ದು ಬೆಂಗಳೂರಿನಲ್ಲಿ. ಅಲ್ಲಿಯ ತಂಡಗಳ ಹೆಸರುಗಳನ್ನು ಕೇಳಿದರೆ ನಗರದ ಚರಿತ್ರೆಯೇ ಕೇಳಿದಂತೆ. ಎಚ್.ಎ.ಎಲ್. ಕಾರ್ಖಾನೆಯ ನೆರಳಿನ ವಿಮಾನಪುರ ಸ್ಪೋರ್ಟ್ಸ್ ಕ್ಲಬ್. ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಎ.ಎಸ್.ಸಿ.; ವಿಜಯಾ ಬ್ಯಾಂಕ್; ಇವರ ಜೊತೆಗೆ ಬಡಾವಣೆಯ ಹುಡುಗರು ಕಟ್ಟಿಕೊಂಡ ಬೀಗಲ್ಸ್, ಯಂಗ್ ಓರಿಯನ್ಸ್ ಮುಂತಾದ ಕ್ಲಬ್ಬುಗಳು. ರಾಜ್ಯ ಸಂಸ್ಥೆಯ ಲೀಗಿನಲ್ಲಿ ಬ್ಯಾಂಕಿನ ಗುಮಾಸ್ತ, ಸೇನೆಯ ಹವಾಲ್ದಾರ, ಕಾಲೇಜಿನ ವಿದ್ಯಾರ್ಥಿ ಒಂದೇ ಅಂಕಣದಲ್ಲಿ ಭುಜಕ್ಕೆ ಭುಜ ತಾಗಿಸಿ ಆಡಿದರು.

ನಮ್ಮ ಅರೆವೃತ್ತಿಯ ಗುಟ್ಟು ಇಲ್ಲಿಯೇ ಇದೆ. ನಮ್ಮಲ್ಲಿ ಆಟಗಾರನಿಗೆ ಆಟದ ಸಂಬಳವೆಂಬುದು ಇರಲಿಲ್ಲ; ನೌಕರಿಯೇ ಆಟದ ಸಂಬಳವಾಗಿತ್ತು. ಬ್ಯಾಂಕು, ರೈಲ್ವೆ, ಸಾರ್ವಜನಿಕ ಉದ್ಯಮಗಳು ಆಟದ ಆಧಾರದ ಮೇಲೆ ಕೆಲಸ ಕೊಟ್ಟವು. ಅಭ್ಯಾಸಕ್ಕೆ ಬಿಡುವು ಕೊಟ್ಟವು. ಮೊಣಕಾಲು ಸೋತ ಮೇಲೂ ಪಿಂಚಣಿ ಕೊಟ್ಟವು. ಮಗ ಚೆಂಡಿನ ಹಿಂದೆ ಓಡುವುದನ್ನು ಕಂಡು ಸಿಡುಕುತ್ತಿದ್ದ ತಂದೆ, ಅದೇ ಚೆಂಡಿನಿಂದ ಬ್ಯಾಂಕಿನ ಕೆಲಸ ಸಿಕ್ಕೀತೆಂದು ಕೇಳಿ ಸುಮ್ಮನಾಗುತ್ತಿದ್ದ. ಈ ವ್ಯವಸ್ಥೆಗೆ ಅದರದೇ ಮಿತಿಗಳಿದ್ದವು. ಕೆಲಸ ಕೊಡುವ ಕಚೇರಿಗಳು ಇದ್ದ ಕಡೆಗೇ ಆಟಗಾರನೂ ಹೋಗಬೇಕಾಯಿತು. ಊರು ತನ್ನ ಆಟಗಾರನನ್ನು ಕಳೆದುಕೊಂಡಿತು. ಈಗ ಆ ಆಸರೆಯ ರೂಪವೇ ಬದಲಾಗುತ್ತಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಬ್ಯಾಂಕಿನ ನಾಮಫಲಕದ ಜೊತೆಗೆ ಅಂಗಿಯ ಮೇಲಿನ ಹೆಸರೂ ಅಳಿಯಿತು. ಒಂದು ಹೆಸರಿಗಾಗಿ ಆಡಿದವರಿಗೆ ಅದು ಸಣ್ಣ ಮಾತಲ್ಲ.

ಇನ್ನೊಂದು ಕಡೆಯಿಂದ ಹಣದ ಲೀಗುಗಳು ಬಂದವು. 2015ರಲ್ಲಿ ಯು.ಬಿ.ಎ. ಎಂಬ ವೃತ್ತಿಪರ ಲೀಗು ಆರಂಭವಾಯಿತು. ಅದರಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಇಂಥ ಪ್ರಯತ್ನಗಳನ್ನು ಹೀಗಳೆಯಬೇಕಾಗಿಲ್ಲ. ಆಟಗಾರನ ಕೈಗೆ ನಾಲ್ಕು ಕಾಸು ಬಂದರೆ ಸಂತೋಷವೇ. ಆದರೆ ತಂಡಕ್ಕೆ ಊರಿನ ಹೆಸರನ್ನು ಬಾಡಿಗೆಗೆ ತಂದುಕೊಂಡರೆ ಊರು ತಂಡದ್ದಾಗುವುದಿಲ್ಲ. ಮೇಲಿನಿಂದ ಸುರಿದ ಮಳೆ ಹರಿದುಹೋಗುತ್ತದೆ. ನಿಲ್ಲಿಸಿಕೊಳ್ಳಲು ಕೆಳಗೆ ಕೆರೆಯಿರಬೇಕು.

ಆಟ ಜನರನ್ನು ಹೇಗೆ ಹಿಡಿಯಬಲ್ಲದು ಎಂಬುದಕ್ಕೆ ಬೆಂಗಳೂರಿನ ಶ್ರೀಕಂಠೀರವ ಒಳಾಂಗಣ ಕ್ರೀಡಾಂಗಣವೇ ಸಾಕ್ಷಿ. 2017ರ ಜುಲೈಯಲ್ಲಿ ಅಲ್ಲಿ ನಡೆದ ಏಷ್ಯಾ ಕಪ್ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಎರಡು ವರ್ಷದ ನಂತರ, 2019ರಲ್ಲಿ, ಅದೇ ಅಂಕಣದಲ್ಲಿ ಜಪಾನ್, ಚೀನಗಳಂಥ ತಂಡಗಳು ಆಡಿದ ಏಷ್ಯಾ ಕಪ್ಪಿನಲ್ಲಿ ನಮ್ಮವರು ಎಂಟನೆಯ, ಎಂದರೆ ಕೊನೆಯ ಸ್ಥಾನದಲ್ಲಿ ಉಳಿದರು. ಈ ಎರಡು ಫಲಿತಾಂಶಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಮೇಲೆ ಏರುವ ಛಲ ನಮ್ಮಲ್ಲಿ ಉಂಟು. ಮೇಲೆ ನಿಲ್ಲುವುದಕ್ಕೆ ಕೆಳಗಿನ ತಳಪಾಯ ಸಾಲದು. ತಳಪಾಯವೆಂದರೆ ರಾಜಧಾನಿಯ ಒಂದು ಒಳಾಂಗಣವಲ್ಲ. ನೂರಾರು ಊರುಗಳ ಸಾಧಾರಣ ಅಂಕಣಗಳು.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಮೈಸೂರಿನಿಂದ ಬೆಂಗಳೂರು ಅದರ ಮೂರರಷ್ಟು. ಪ್ರೌಢಶಾಲೆಯಲ್ಲಿ ಚೆಂಡು ಹಿಡಿದ ಹುಡುಗ ಕಾಲೇಜು ಮುಗಿಯುವವರೆಗೆ ಹೇಗೋ ಆಡುತ್ತಾನೆ. ಇಪ್ಪತ್ತೊಂದನೆಯ ವರ್ಷಕ್ಕೆ ಅವನ ಆಟದ ಆಯಸ್ಸು ಮುಗಿಯುತ್ತದೆ. ಮೈ ಆಗತಾನೆ ಬಲಿಯುತ್ತಿರುತ್ತದೆ, ಬುದ್ಧಿ ಆಗತಾನೆ ಪಕ್ವವಾಗುತ್ತಿರುತ್ತದೆ. ಆದರೆ ಆಡುವುದಕ್ಕೆ ತಂಡವಿಲ್ಲ, ತಂಡಕ್ಕೆ ಲೀಗಿಲ್ಲ. ಹುಡುಗಿಯ ಪಾಲಿಗೆ ಈ ಮುಕ್ತಾಯ ಇನ್ನೂ ಬೇಗ ಬರುತ್ತದೆ. ಶಾಲೆಯ ಕೊನೆಯ ಗಂಟೆಯೇ ಅವಳ ಆಟದ ಕೊನೆಯ ಗಂಟೆ. ಒಂದು ಊರು ಎಷ್ಟು ಪ್ರತಿಭೆಯನ್ನು ಹೆತ್ತಿತು ಎಂಬುದಕ್ಕಿಂತ ಎಷ್ಟನ್ನು ಕಾಪಾಡಿಕೊಂಡಿತು ಎಂಬುದು ಮುಖ್ಯ.

ಇದಕ್ಕೆ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಬರುತ್ತವೆ. ನಮ್ಮವರು ಕುಳ್ಳರು ಎಂಬುದು ಮೊದಲನೆಯದು. ಐದು ಅಡಿ ಮೂರು ಅಂಗುಲದ ಮಗ್ಸಿ ಬೋಗ್ಸ್ ಎಂಬ ಆಟಗಾರ 1987ರಿಂದ 2001ರವರೆಗೆ ಅಮೆರಿಕದ ಅತ್ಯುನ್ನತ ಲೀಗಿನಲ್ಲಿ ಆಡಿದ. ಎತ್ತರವೂ ಹಳ್ಳಿಗೆ ಅಪರಿಚಿತವಲ್ಲ. 2015ರಲ್ಲಿ ಅದೇ ಲೀಗಿನ ಡಲ್ಲಾಸ್ ತಂಡ ಆರಿಸಿಕೊಂಡ ಏಳು ಅಡಿ ಮೀರಿದ ಸತ್ನಾಮ್ ಸಿಂಗ್ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ. ಎರಡನೆಯ ಆಕ್ಷೇಪ ಜಾಗದ್ದು. ಅಂಕಣದ ಉದ್ದ 28 ಮೀಟರು, ಅಗಲ 15 ಮೀಟರು; ಎಂದರೆ 420 ಚದರ ಮೀಟರು. ಒಂದು ದೊಡ್ಡ ಕಣದ ಅಳತೆ. ಸಿಮೆಂಟಿನ ನೆಲ ಹಾಕಿದರೆ ಸುಗ್ಗಿಯಲ್ಲಿ ಅದರ ಮೇಲೆ ರಾಗಿ ಒಣಗಿಸಲು ಬರುತ್ತಾರೆ ಎಂದು ನಗುವವರುಂಟು. ಬರಲಿ. ರಾಗಿ ಒಣಗುವ ನೆಲ ಊರಿನ ನೆಲವಾಗಿ ಉಳಿಯುತ್ತದೆ. ಬೀಗ ಹಾಕಿದ ಅಂಕಣಕ್ಕಿಂತ ಅದು ಮೇಲು.

ಮೂರನೆಯದು ಹಣದ ಆಕ್ಷೇಪ, ಅದೇ ಗಟ್ಟಿಯಾದದ್ದು. ಚೆಂಡು, ದೀಪ, ಬಸ್ಸಿನ ಚಾರ್ಜು, ತೀರ್ಪುಗಾರರ ಸಂಭಾವನೆ, ಆಟಗಾರರಿಗೆ ಒಂದು ಊಟ. ಎಲ್ಲಕ್ಕೂ ದುಡ್ಡು ಬೇಕು. ಒಬ್ಬ ಸಾಹುಕಾರನನ್ನೋ ಒಬ್ಬ ರಾಜಕಾರಣಿಯನ್ನೋ ಹಿಡಿದು ಟ್ರೋಫಿಗೆ ಅವರ ತಂದೆಯ ಹೆಸರಿಡುವುದು ನಮ್ಮ ರೂಢಿ. ಜಾತ್ರೆಗೆ ಇದು ಸಾಕು. ಬೇಸಾಯಕ್ಕೆ ಸಾಲದು; ಚುನಾವಣೆ ಮುಗಿದ ಮರುವರ್ಷ ಟ್ರೋಫಿಯೂ ಇಲ್ಲ, ಆಟವೂ ಇಲ್ಲ. ಬೇರೆ ದಾರಿಯೊಂದು ನಮ್ಮ ಹಳ್ಳಿಗಳ ಬಾಗಿಲಲ್ಲಿಯೇ ಇದೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ತಪ್ಪದೆ ಬಾಗಿಲು ತೆರೆಯುವ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೋಡಿ. ಸಣ್ಣ ಷೇರು, ಪ್ರತಿದಿನದ ಅಳತೆ, ಪುಸ್ತಕದಲ್ಲಿ ಲೆಕ್ಕ, ವರ್ಷಕ್ಕೊಮ್ಮೆ ಸದಸ್ಯರ ಸಭೆ. ಎರಡು ಹಸುವಿನ ಮನೆಯೂ ಅದರ ಒಡೆತನದಲ್ಲಿ ಪಾಲುದಾರ. ಅಮೆರಿಕದಲ್ಲಿಯೇ, ಬೇರೊಂದು ಆಟದಲ್ಲಿ, ಗ್ರೀನ್ ಬೇ ಎಂಬ ಸಣ್ಣ ಪಟ್ಟಣದ ತಂಡ 1923ರಿಂದ ಊರಿನ ಜನರ ಷೇರುಗಳ ಮೇಲೆ ನಿಂತಿದೆ. ದೊಡ್ಡ ನಗರಗಳು ಎಷ್ಟೋ ತಂಡಗಳನ್ನು ಕೊಂಡುಹೋದರೂ ಅದು ಊರು ಬಿಟ್ಟು ಹೋಗಿಲ್ಲ. ಹಾಲಿಗೆ ಒದಗಿದ ಬುದ್ಧಿ ಆಟಕ್ಕೂ ಒದಗಬಾರದೇಕೆ?

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ನದಿಗೆ ಹಳೆಯದೊಂದು ಅಣೆಕಟ್ಟೆ ಉಂಟು. ಹೆಸರು ಹೊತ್ತ ದೊಡ್ಡ ಜಲಾಶಯವಲ್ಲ ಅದು. ಕೊಡಗಿನ ಬೆಟ್ಟದಿಂದ ಬರುವ ಹೊಳೆಯನ್ನು ತುಸು ತಡೆದು ಕಾಲುವೆಗೆ ತಿರುಗಿಸುವುದಷ್ಟೇ ಅದರ ಕೆಲಸ. ತಡೆಯದಿದ್ದರೆ ನೀರು ಗದ್ದೆಯನ್ನು ನೋಡದೆಯೇ ಕಾವೇರಿಯ ಪಾಲಾಗುತ್ತದೆ. ನಮ್ಮ ಯುವಕರೂ ಹಾಗೆಯೇ ಮೈಸೂರು ಬೆಂಗಳೂರುಗಳ ಕಡೆಗೆ ಹರಿಯುವವರು. ಹರಿಯುವುದನ್ನು ನಿಲ್ಲಿಸಲಾಗದು, ನಿಲ್ಲಿಸಲೂ ಬಾರದು. ಕೆಲವು ಕಾಲ ತಡೆದು, ಸ್ವಲ್ಪ ಹಸಿರು ಮಾಡಿ ಕಳಿಸುವ ಕಟ್ಟೆಗಳು ಬೇಕು. ಊರಿನ ಕ್ಲಬ್ಬು ಅಂಥ ಕಟ್ಟೆ.

ಲೀಗಿನ ಪಂಚಾಂಗವೂ ಈ ನೆಲದ ಪಂಚಾಂಗವನ್ನೇ ಅನುಸರಿಸಬೇಕು. ಮುಂಗಾರಿನಲ್ಲಿ ಹೊಗೆಸೊಪ್ಪಿನ ಸಸಿ ನೆಡುವ ಅವಸರ, ಆಮೇಲೆ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ರಾತ್ರಿಯ ಕಾವಲು, ಆಮೇಲೆ ಹರಾಜು. ಕೃಷ್ಣರಾಜನಗರದ ಕಡೆ ಭತ್ತದ ನಾಟಿ, ಕಟಾವು. ಈ ತಿಂಗಳುಗಳಲ್ಲಿ ಆಟಕ್ಕೆ ಬಾ ಎಂದರೆ ಯಾವ ರೈತನ ಮಗ ಬಂದಾನು? ಸಂಕ್ರಾಂತಿಯಿಂದ ಯುಗಾದಿಯವರೆಗೆ ಸುಮಾರು ಹತ್ತು ಭಾನುವಾರಗಳು ಸಿಗುತ್ತವೆ. ನಾಲ್ಕು ತಾಲ್ಲೂಕು ಕೇಂದ್ರಗಳು, ಜೊತೆಗೆ ಎರಡು ದೊಡ್ಡ ಹಳ್ಳಿಗಳು. ಆರು ತಂಡ, ಹತ್ತು ಸುತ್ತು. ಮೊದಲು ಹೇಳಿದ ಲೆಕ್ಕ ಇಲ್ಲಿಗೆ ಸರಿಹೊಂದುತ್ತದೆ. ಪರೀಕ್ಷೆಯ ವಾರಗಳನ್ನು ನೋಡಿಕೊಂಡು ಒಂದೆರಡು ಸುತ್ತನ್ನು ಹಿಂದುಮುಂದು ಮಾಡಿಕೊಂಡರಾಯಿತು. ಎಲ್ಲವೂ ಒಂದು ಬಸ್ಸಿನ ದೂರ. ಬೆಳಿಗ್ಗೆ ಹೊರಟವನು ರಾತ್ರಿ ಹಾಲು ಕರೆಯುವ ಹೊತ್ತು ತಪ್ಪಿದರೂ ಊಟದ ಹೊತ್ತಿಗೆ ಮನೆಗೆ ಬರಬಹುದು.

ಗಂಡುಮಕ್ಕಳಿಗೊಂದು ಲೀಗಾದರೆ ಹೆಣ್ಣುಮಕ್ಕಳಿಗೂ ಅದೇ ದಿನ, ಅದೇ ಅಂಕಣದಲ್ಲಿ ಒಂದು ಪಂದ್ಯ ಇರಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಇದೇ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹೆಣ್ಣುಮಗಳು ಲೋಕದ ಎದುರು ನಿಲ್ಲಬಲ್ಲಳೇ ಎಂಬ ಪ್ರಶ್ನೆಗೆ ಉತ್ತರ ಬಂದಾಗಿದೆ. ಉಳಿದಿರುವುದು, ಅವಳಿಗೆ ಪ್ರತಿ ವಾರ ಆಡಲು ಎಡೆ ಮಾಡಿಕೊಡಬಲ್ಲೆವೇ ಎಂಬ ಪ್ರಶ್ನೆ. ಅದು ನಮಗೆ ಸೇರಿದ್ದು.

ಕ್ಲಬ್ಬು ಎಂದರೆ ಐದು ಜನ ಆಟಗಾರರಷ್ಟೇ ಅಲ್ಲ. ಅಂಕಣ ಗುಡಿಸುವವನೊಬ್ಬ, ಗಡಿಯಾರ ಹಿಡಿಯುವವನೊಬ್ಬ, ಅಂಕ ಬರೆಯುವವನೊಬ್ಬ, ಚಂದಾ ವಸೂಲಿಗೆ ಮನೆ ಮನೆ ಅಲೆಯುವ ಕಾರ್ಯದರ್ಶಿಯೊಬ್ಬ ಸೇರಿದರೆ ಕ್ಲಬ್ಬು. ಇವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಆದರೆ ಆಟಗಾರ ಊರು ಬಿಟ್ಟು ಹೋದ ಮೇಲೂ ಇವರು ಅಲ್ಲಿಯೇ ಇರುತ್ತಾರೆ; ಮುಂದಿನ ಹುಡುಗನಿಗೆ ಚೆಂಡು ಕೊಡುತ್ತಾರೆ. ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಮುಂದೆ 1985ರಲ್ಲಿ ತಿರುಗಾಟವನ್ನು ಕಟ್ಟಿ, ಊರಿನಿಂದ ಊರಿಗೆ ವರ್ಷ ವರ್ಷವೂ ನಾಟಕ ಒಯ್ಯುವ ರೂಢಿ ಮಾಡಿತು. ಅದರ ಹಿಂದೆಯೂ ಇಂಥ ಹೆಸರಿಲ್ಲದ ಶ್ರಮವೇ ಇತ್ತು. ನಾಟಕಕ್ಕೆ ಸಾಧ್ಯವಾದದ್ದು ಆಟಕ್ಕೂ ಸಾಧ್ಯ. ಮೊದಲ ವರ್ಷ ಆರು ತಂಡಗಳಲ್ಲಿ ಎರಡು ನಡುವೆ ಬಿಟ್ಟುಹೋಗಬಹುದು. ಎರಡನೆಯ ವರ್ಷ ದೀಪದ ಹಣ ಸಾಲದೆ ಬರಬಹುದು. ಬೇಸಾಯಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬೆಳೆ ಕೈಕೊಟ್ಟಿತೆಂದು ಅವನು ನೇಗಿಲನ್ನು ಅಟ್ಟಕ್ಕೆ ಏರಿಸುವುದಿಲ್ಲ. ಮುಂದಿನ ಮಳೆಗೆ ಮತ್ತೆ ಬಿತ್ತನೆಯ ಬೀಜ ಹುಡುಕುತ್ತಾನೆ.